ಒಬ್ಬನೇ ಎಲ್ಲಾ ಬಾರಿಸ್ಯಾನ

ಕಳೆದ ವಾರ ಒಬ್ಬ ಇಂಗ್ಲೆಂಡಿನ ಹಾಡುಗಾರ ನಮ್ಮ ಮಾಮಾನನ್ನು ಅಳಿಸಿದ. ಅವನಿಗೆ ಮಾಮಾ ಇರುವ ಊರು ತುರೋರಿ ಗೊತ್ತಿಲ್ಲ. ಮಾಮಾನಿಗೆ ಇಂಗ್ಲೆಂಡ್ ಗೊತ್ತಿಲ್ಲ. ಇಬ್ಬರನ್ನೂ ಭೇಟಿ ಮಾಡಿಸಿದ ಶಾಣ್ಯಾ ನಾನು.

ಮಾಮಾ ಎಂದರೆ ನನ್ನ ಅಕ್ಕನ ಗಂಡ. ಭಜನೆಗೆ ಹಾರ್ಮೋನಿಯಂ ಪೇಟಿ ಹಿಡಿದು ಕೂತರೆ ಉಮರ್ಗಾ ಸುತ್ತಮುತ್ತ ಅವರಿಗೆ ಸರಿಸಾಟಿ ಇರಲಿಲ್ಲ. ಅವರು ಒಂದು ಸೊಲ್ಲು ಹೇಳಬೇಕು, ಹಿಂದೆ ಕೂತ ಗೆಳೆಯರು ಅದನ್ನೇ ಎತ್ತಿ ಹಾಡಬೇಕು. ತಬಲಾ ಒಬ್ಬರದು, ದಮ್ಮಡಿ ಒಬ್ಬರದು, ತಾಳ ಇನ್ನೊಬ್ಬರದು. ತೊಂಬತ್ಮೂರರ ಭೂಕಂಪಕ್ಕೆ ಅವರ ಊರಿನ ಕಲ್ಲುಮಣ್ಣಿನ ಮನೆಗಳು ಬಿದ್ದಾಗ ಆ ಮೇಳದಲ್ಲಿ ಉಳಿದವರು ಮಾಮಾ ಒಬ್ಬರೇ. ಪೇಟಿಯೂ ಉಳಿಯಿತು. ಎರಡನ್ನೂ ಅಕ್ಕ ತುರೋರಿಗೆ ಕರೆತಂದು, ಹೈವೇ ಪಕ್ಕ ಕಿರಾಣಿ ಅಂಗಡಿ ಹಾಕಿಸಿದಳು.

"ಆವಾಗಿಂದ ಪೇಟಿ ಮುಟ್ಟಿಲ್ಲ ತಮ್ಮಾ," ಎಂದಳು ಅಕ್ಕ. "ಶ್ರಾವಣ ಬಂತು, ಗುಡಿಯವ್ರು ಕರ್ದು ಕರ್ದು ಬ್ಯಾಸತ್ತಾರ. ಮಾತೂ ಕಮ್ಮಿ ಆಗ್ಯಾದ. ನೀ ಏನರ ಮಾಡು."

ನಾನೇನು ಮಾಡಲಿ? ಉದಗೀರದ ಕ್ಯಾಸೆಟ್ ಅಂಗಡಿಯಲ್ಲಿ ಯಾರೂ ಕೊಳ್ಳದ ಒಂದು ಇಂಗ್ಲಿಷ್ ಪಾಪ್ ಆಲ್ಬಮ್ ಧೂಳು ತಿನ್ನುತ್ತಿತ್ತು. ಗಿಟಾರ್, ಪಿಯಾನೋ, ಡ್ರಮ್, ಎಲ್ಲಾ ದನಿ ಒಬ್ಬನದೇ ಎಂದು ಒಳಗಿನ ಹಾಳೆಯಲ್ಲಿ ಅಚ್ಚಾಗಿತ್ತು. ಥಟ್ಟನೆ ಐಡಿಯಾ ಹೊಳೆಯಿತು. (ನನಗೆ ಹೊಳೆಯುವುದೆಲ್ಲ ಹೀಗೇ, ಥಟ್ಟನೆ.) ಒಬ್ಬನೇ ಇದ್ದರೂ ಹಾಡಬಹುದು ಎಂದು ಮಾಮಾನಿಗೆ ತೋರಿಸಿದರೆ?

ಅದನ್ನು ಕೊಂಡು ತುರೋರಿಗೆ ಹೋಗಿ, ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟವಾದ ಮೇಲೆ ಟೇಪ್ ಹಚ್ಚಿದೆ. ಮಾಮಾ ಕಣ್ಣು ಮುಚ್ಚಿ ಕೂತರು. ಎರಡನೇ ಹಾಡಿಗೆ ಅವರ ಬೆರಳು ತೊಡೆಯ ಮೇಲೆ ಆಡತೊಡಗಿದವು. ಅಕ್ಕ ಕೈಯೊಳಗಿನ ತಾಟು ಹಾಗೇ ಹಿಡಿದು ನಿಂತಳು.

"ಏನು ಹೇಳ್ತಾನೋ ತಿಳಿಯಂಗಿಲ್ಲ. ಖರೆ, ಸುರ ಛಲೋ ಅದ. ತಬಲಾ ಯಾರದು?" ಎಂದರು ಮಾಮಾ.

"ಅದು ಡ್ರಮ್ ರೀ ಮಾಮಾ. ಅಂವನೇ ಬಾರಿಸ್ಯಾನ. ಎಲ್ಲಾ ಅಂವನೇ."

"ಮತ್ತ ಹಿಂದ ಸೊಲ್ಲು ಹಿಡದವ್ರು?"

"ಅದೂ ಅವನ ದನೀನೇ. ಒಂದರ ಮ್ಯಾಲ ಒಂದು ರೆಕಾರ್ಡ್ ಮಾಡ್ಯಾನ. ನೀವೂ ಹಂಗ ಮಾಡಬಹುದಲ್ರೀ?"

ಮಾಮಾ ಕಣ್ಣು ತೆರೆದರು. "ಪಾಪ. ಅವನ ಊರಾಗೂ ಭೂಕಂಪ ಆಗಿತ್ತೇನು?"

"ಇಲ್ರೀ. ಅವನಿಗೆ ಹಂಗ ಸೇರ್ತದ, ಅಷ್ಟೇ."

"ಮಂದಿ ಇದ್ದೂ ಒಬ್ಬನೇ ಹಾಡ್ಯಾನ?"

ಅವರು ನಂಬಲಿಲ್ಲ. ಆ ಮನುಷ್ಯ ಯಾರನ್ನೋ ಕಳೆದುಕೊಂಡೇ ಇರಬೇಕು, ನಿನಗೆ ಗೊತ್ತಿಲ್ಲ ಎಂದರು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಅತ್ತರು. ಭೂಕಂಪವಾದಾಗಲೂ ಅತ್ತಿರದ ಮನುಷ್ಯ. ನನಗೆ ಟೇಪ್ ನಿಲ್ಲಿಸಲೂ ಧೈರ್ಯ ಬರಲಿಲ್ಲ, ಅಕ್ಕನೇ ನಿಲ್ಲಿಸಿದಳು.

ಸೋಮವಾರ ಮಾಮಾ ಗುಡಿಗೆ ಹೋದರು. ಹೆಗಲ ಮೇಲೆ ಪೇಟಿ. ಅಕ್ಕ ಹಿಂದಿಂದೆಯೇ ಓಡಿದಳು, ಹಾಡುತ್ತಾರೆ ಎಂದು. ಮಾಮಾ ತುರೋರಿಯ ಭಜನೆಯವರ ಮುಂದೆ ಪೇಟಿ ಇಟ್ಟು, "ನೀವು ಮಂದಿ ಅದೀರಿ. ನೀವೇ ಇಟ್ಕೋರಿ," ಎಂದು ಹೇಳಿ ತಿರುಗಿ ಬಂದು ಅಂಗಡಿ ತೆರೆದರಂತೆ. ಅಕ್ಕ ಈಗ ನನಗೆ "ಏನರ ಮಾಡು" ಎನ್ನುವುದಿಲ್ಲ.

ಒಬ್ಬನೇ ಎಲ್ಲವನ್ನೂ ಮಾಡಿದರೆ ಶಭಾಷ್ ಎನ್ನುತ್ತೇವಲ್ಲ, ಉಳಿದವರು ಎಲ್ಲಿ ಹೋದರು ಎಂದು ನಾವು ಎಂದಾದರೂ ಕೇಳಿದ್ದೇವೆಯೇ?