ಸೂರಿನಡಿಯ ಅರ್ಧ ಬ್ಲೇಡು

ನನಗೆ ಗಡ್ಡ ಬರುತ್ತೆ. ಮೊದಲೇ ಹೇಳಿಬಿಡ್ತೀನಿ, ಸುತ್ತಿ ಬಳಸಿ ಮಾತಾಡೋದು ನನಗೆ ಆಗಲ್ಲ. ಮುಖದ ತುಂಬ ಅಲ್ಲ, ಗಲ್ಲದ ಕೆಳಗೆ, ದವಡೆಯ ಅಂಚಿಗೆ. ಆದರೆ ಬರೋದು ಗಟ್ಟಿ ಕೂದಲು. ಇಪ್ಪತ್ತು ತುಂಬೋ ಹೊತ್ತಿಗೆ ಶುರುವಾಯ್ತು. ಬೋಳಿಸಿದ ಮಾರನೇ ದಿನ ಸಂಜೆಗೆ ಕೈಗೆ ಚುಚ್ಚುತ್ತೆ, ಮೂರನೇ ದಿನ ಎದುರಿಗಿದ್ದೋರ ಕಣ್ಣು ಅಲ್ಲೇ ನಿಲ್ಲುತ್ತೆ.

ಬಸ್ ಸ್ಟ್ಯಾಂಡ್ ಅಂಗಡಿಯಲ್ಲಿ ಗುಲಾಬಿ ಬಣ್ಣದ ಪ್ಲಾಸ್ಟಿಕ್ ರೇಜರ್ ತಗೊಳ್ತಿದ್ದೆ. ಅಂಗಡಿಯವನು ಕೇಳದಿದ್ದರೂ ನಮ್ಮಣ್ಣನಿಗೆ ಅಂತ ಹೇಳ್ತಿದ್ದೆ. ಗುಲಾಬಿ ಬಣ್ಣದ್ದು ಅಣ್ಣನಿಗೆ! ಎರಡು ಸಲ ಎಳೆದರೆ ಮೊಂಡು. ದಿನಾ ಎಳೆದರೆ ಗಲ್ಲವೆಲ್ಲ ಕೆಂಪಗೆ ಗುಳ್ಳೆ ಏಳ್ತಿತ್ತು. ಹಂಗಾಗಿ ಒಂದು ದಿನ ಬೋಳಿಸು, ಎರಡು ದಿನ ಮಾಸ್ಕ್ ಹಾಕ್ಕೋ, ಇದೇ ಆಗಿತ್ತು ನನ್ನ ಬಾಳು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯಲ್ಲಿ ಎಲ್ಲರೂ ಮಾಸ್ಕ್ ಹಾಕಲೇಬೇಕು, ಆ ಪುಣ್ಯದಿಂದ ಕೆಲಸ ಉಳೀತು. ಉಯ್ಯಂಬಳ್ಳಿ ಕಡೆ ನಮ್ಮೂರಲ್ಲಿ ಮಾಸ್ಕ್ ಹಾಕ್ಕೊಂಡು ಕುರಿ ಮುಂದೆ ನಿಂತರೆ ಕುರಿಯೂ ನಗುತ್ತೆ.

ಅದಕ್ಕೇ ನಾನು ಅವ್ವನ ಮನೇಲಿ ಎರಡು ರಾತ್ರಿ ಉಳಿದವಳಲ್ಲ. ಶನಿವಾರ ಸಂಜೆ ಹೋಗೋದು, ಭಾನುವಾರ ಊಟ ಮುಗಿಸಿ ಬಸ್ಸು ಹತ್ತೋದು. ಹದಿಮೂರು ವರ್ಷ ಹಿಂಗೇ. ಇನ್ನೊಂದು ದಿನ ಇರು ಅಂತ ಅವ್ವ ಪ್ರತಿ ಸಲ ಅನ್ನೋಳು, ಡ್ಯೂಟಿ ಐತೆ ಅಂತ ನಾನು ಪ್ರತಿ ಸಲ ಸುಳ್ಳು ಹೇಳೋಳು. ಅತ್ತಿಗೆ ಹೆರಿಗೆಗೆ ಹೋದಾಗ, ಅವ್ವ ಜ್ವರ ಬಂದು ಮಲಗಿದಾಗ, ಆಗಲೂ ಒಂದೇ ರಾತ್ರಿ. ನಿಮ್ಮ ಮಗಳು ನೆಂಟರ ಥರ ಬಂದು ಹೋಗ್ತಾಳೆ ಅಂತ ಅತ್ತಿಗೆ ಅಂದಳಂತೆ. ಅವಳದೇನೂ ತಪ್ಪಿಲ್ಲ.

ಹಾರೋಹಳ್ಳಿಯ ಬಾಡಿಗೆ ರೂಮಿನಲ್ಲಿ ನನ್ನ ಜೊತೆಗಿದ್ದ ತಿಪ್ಪಸಂದ್ರದ ಹುಡುಗಿ ಕೈಕಾಲಿಗೆ ಅಂತ ಮೊಬೈಲಲ್ಲಿ ಆರ್ಡರ್ ಮಾಡಿ ಕಬ್ಬಿಣದ್ದೊಂದು ರೇಜರ್ ತರಿಸಿದ್ದಳು. ನಮ್ಮಪ್ಪಂದಿರು ಇಟ್ಟುಕೊಳ್ತಿದ್ದ ಶೇವಿಂಗ್ ಸೆಟ್ಟಿನ ಥರದ್ದೇ. ಬ್ಲೇಡು ಒಂದನ್ನ ಬದಲಾಯಿಸಿದರಾಯ್ತು, ರೇಜರ್ ಸಾಯೋವರೆಗೂ ಬರುತ್ತೆ, ನೀನೂ ತಗೋ ಅಕ್ಕ ಅಂತ ಗಂಟುಬಿದ್ದಳು. ನನಗ್ಯಾಕೆ ಅದೆಲ್ಲ ಅಂತ ಮುಖ ತಿರುಗಿಸಿದೆ. ಒಳಗೆ ಜೀವ ಹೋಗ್ತಿತ್ತು. ರೂಮಿನ ಡಬ್ಬಕ್ಕೆ ನನ್ನ ಹಳೇ ರೇಜರ್ ಹಾಕಿದರೆ ಅವಳ ಕಣ್ಣಿಗೆ ಬೀಳುತ್ತೆ ಅಂತ ಪೇಪರಲ್ಲಿ ಸುತ್ತಿಟ್ಟುಕೊಂಡು, ಊರಿಗೆ ಹೋದಾಗ ಹಿತ್ತಲ ತಿಪ್ಪೆಗೆ ತೂರಿಬರ್ತಿದ್ದೆ. ತಿಪ್ಪೆಗೆ ಬಿದ್ದದ್ದು ಕೊಳೆತು ಗೊಬ್ಬರ ಆಗುತ್ತೆ, ಹುಟ್ಟಿದಾಗಿಂದ ಕಂಡಿದ್ದು ಅದನ್ನೇ ಅಲ್ವೆ. ಪ್ಲಾಸ್ಟಿಕ್ಕಿಗೆ ಯಾರು ಹೇಳಬೇಕು.

ಹೋದ ಬೇಸಿಗೆ ಕೊನೇಲಿ ಅಣ್ಣ ಫೋನ್ ಮಾಡಿದ. ತಿಪ್ಪೆ ಗೊಬ್ಬರ ಹೊಲಕ್ಕೆ ಹೊಡೆಸಿದ್ದರು. ಗುಡ್ಡೆ ಹಾಕಿದ್ದನ್ನು ಅವ್ವ ಕೈಯಲ್ಲಿ ಎರಚ್ತಿದ್ದಾಗ ಗಾಜಿನ ಬಳೆ ಚೂರು ತಾಗಿ ಬಲಗೈ ಹೆಬ್ಬೆರಳ ಬುಡ ಸೀಳಿಹೋಗಿದೆ, ನಾಲ್ಕು ಹೊಲಿಗೆ ಹಾಕಿದ್ದಾರೆ ಅಂದ. ಅದು ಬಳೆ ಅಲ್ಲ ಅಂತ ನನಗೆ ಆಗಲೇ ಗೊತ್ತಾಗಿಹೋಯ್ತು.

ಶನಿವಾರ ರಜ ಹಾಕಿ ಬೆಳಗ್ಗೇನೇ ಹೋದೆ. ಅವ್ವ ಜಗಲಿ ಮೇಲೆ ಕೂತಿದ್ದಳು, ಕೈಗೆ ಬ್ಯಾಂಡೇಜು, ಮುಖಕ್ಕೆ ಸೆರಗು. ಸೊಳ್ಳೆ ಅಂದಳು, ಹಗಲೊತ್ತಲ್ಲಿ. ಅಣ್ಣ ಅತ್ತಿಗೆ ಕುರಿ ಹೊಡ್ಕೊಂಡು ಹೋಗೋವರೆಗೂ ಬಾಯಿ ಬಿಡಲಿಲ್ಲ. ಆಮೇಲೆ ಕುರಿಕೊಟ್ಟಿಗೆಗೆ ಕರೆದುಕೊಂಡು ಹೋಗಿ ಒಂದು ಹಳೇ ಡಬ್ಬ ಮುಂದಿಟ್ಟಳು. ಒಳಗೆ ಒಂಬತ್ತು ಗುಲಾಬಿ ರೇಜರ್. ಮಣ್ಣು ತೊಳೆದಿದ್ದಳು. ಬಣ್ಣ ಒಸಿ ಮಾಸಿತ್ತು ಅಷ್ಟೆ, ಒಂದೂ ಕೊಳೆತಿರಲಿಲ್ಲ. ಹೊಲಿಗೆ ಹಾಕಿಸಿಕೊಂಡ ಮಾರನೇ ದಿನವೇ ಹೊಲಕ್ಕೆ ಹೋಗಿ, ಯಾರ ಕಾಲಿಗೂ ಯಾರ ಕಣ್ಣಿಗೂ ಬೀಳದ ಹಾಗೆ ಎಡಗೈಯಲ್ಲಿ ಆರಿಸಿ ತಂದಿದ್ದಳು.

ನಾನು ಅಳೋಕೆ ಶುರುಮಾಡಿದೆ. ಅವ್ವ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಹಿಮ್ಮಡಿ ಎತ್ತಿ ಎಡಗೈ ಸೂರಿಗೆ ಹಾಕಿ, ತೀರಿನ ಮರಕ್ಕೂ ಹಂಚಿಗೂ ನಡುವಿನ ಸಂದಿಯಿಂದ ಒಂದು ಬಟ್ಟೆ ಸುರುಳಿ ತೆಗೆದಳು. ಬಿಚ್ಚಿದರೆ ಅರ್ಧ ಬ್ಲೇಡು. ಉದ್ದಕ್ಕೆ ಮುರಿದದ್ದು, ಒಂದು ಕಡೆಗೆ ದಾರ ಸುತ್ತಿದ್ದು. ಆಮೇಲೆ ಮುಖದ ಮೇಲಿನ ಸೆರಗು ತೆಗೆದಳು. ಗಲ್ಲದ ತುಂಬ ಬೆಳ್ಳಗೆ ಕರ್ರಗೆ ಆರು ದಿನದ ಕೂದಲು.

"ನಿನ್ ವಯಸ್ಸಿಗೂ ಮುಂಚೆ ಸುರುವಾಯ್ತು ನಂಗೆ" ಅಂದಳು. "ಕೈ ಹಿಂಗಾಗೈತೆ. ನೀನೇ ಮಾಡ್ಬುಡವ್ವ."

ನಾನು ಕಣ್ಣು ಕಣ್ಣು ಬಿಟ್ಟೆ. ನಲವತ್ತು ವರ್ಷ! ಕನ್ನಡಿ ಇಲ್ಲ, ಸೋಪಿಲ್ಲ, ಹಿಡಿ ಇಲ್ಲ. ಕುರಿಗಳು ಎದ್ದೇಳೋ ಮುಂಚೆ ಕೊಟ್ಟಿಗೇಲಿ ನಿಂತು, ಒಂದು ಕೈಬೆರಳಲ್ಲಿ ಕೂದಲು ತಡವಿ, ಇನ್ನೊಂದು ಕೈಯ ಅರ್ಧ ಬ್ಲೇಡಲ್ಲಿ ತೆಗೀತಿದ್ದಳಂತೆ. ಒಂದು ಗೀರು ಬಿದ್ದದ್ದು ನಾನು ಕಂಡಿಲ್ಲ. ಆ ಗಲ್ಲಕ್ಕೆ ಕೆನ್ನೆ ಒತ್ತಿಕೊಂಡು ಮಲಗಿ ಬೆಳೆದವಳು ನಾನು, ನನಗೇ ಗೊತ್ತಾಗಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲವಂತೆ. ಸಂತೇಲಿ ಬ್ಲೇಡು ತಗೊಳ್ಳುವಾಗ ರವಿಕೆ ಹೊಲಿಗೆ ಬಿಚ್ಚೋಕೆ ಅಂತಿದ್ದಳಂತೆ. ನಾನು ಅಣ್ಣನಿಗೆ ಅಂದ ಹಾಗೇ.

ಅರ್ಧ ಬ್ಲೇಡು ಹಿಡಿಯೋ ಧೈರ್ಯ ನನಗಿರಲಿಲ್ಲ. ತಿಪ್ಪಸಂದ್ರದ ಹುಡುಗಿ ನೆನಪಾದಳು. ಅಪ್ಪನ ಶೇವಿಂಗ್ ಸೆಟ್ಟು ಎಲ್ಲಿ ಅಂತ ಕೇಳಿದೆ. ಅವ್ವ ಹಿಂದೆಮುಂದೆ ನೋಡಿದಳು. ಅಪ್ಪ ಹೋಗಿ ಆರು ವರ್ಷ ಆದರೂ ಅದು ಟ್ರಂಕಿನಲ್ಲೇ ಇತ್ತು, ಗಂಡಸರ ಸಾಮಾನು ಅಂತ ಇವಳು ಮುಟ್ಟಿರಲಿಲ್ಲ. ಅದಕ್ಕೆ ಹಾಕೋ ಥರದ ಬ್ಲೇಡನ್ನೇ ಮುರಿದು ನಲವತ್ತು ವರ್ಷ ಬಳಸಿದವಳು, ಸೆಟ್ಟು ಮುಟ್ಟಿರಲಿಲ್ಲ! ನನಗೆ ಸಿಟ್ಟೇ ಬಂತು. ಹೋಗಿ ತಂದೆ. ಹುಣಸೆಹಣ್ಣು ಹಾಕಿ ಉಜ್ಜಿದೆ. ಹಿಡಿ, ತಟ್ಟೆ, ಮುಚ್ಚಳ, ಮೂರೇ ಮೂರು ತುಂಡು. ಮಧ್ಯೆ ಅವ್ವ ಸಂತೇಲಿ ತಂದಿದ್ದ ಹೊಸ ಬ್ಲೇಡಿಟ್ಟು ತಿರುಗಿಸಿದರೆ ಕೈಯಲ್ಲಿ ಗಟ್ಟಿಯಾಗಿ ಕೂತಿತು.

ಸೋಪು ಹಚ್ಚಿದೆ. ಅವ್ವ ಕಣ್ಣು ಮುಚ್ಚಿಕೊಂಡೇ ಹೇಳಿಕೊಟ್ಟಳು, ಕುರಿ ತುಪ್ಪಟ ಕತ್ತರಿಸೋದನ್ನ ನನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟ ದನಿಯಲ್ಲೇ. ಚರ್ಮ ಎಳೆದು ಹಿಡಿ. ಅಲಗು ಮಲಗಿಸು. ಒತ್ತಬೇಡ, ಅದರ ಭಾರಕ್ಕೆ ಅದೇ ಇಳೀತದೆ. ನಿಜವಾಗಲೂ ಇಳೀತು. ಸಣ್ಣಗೆ ಸರಸರ ಸದ್ದು, ಅಷ್ಟೆ. ನಾನು ಒಂಬತ್ತು ಪ್ಲಾಸ್ಟಿಕ್ಕಿನಲ್ಲಿ ಉಜ್ಜಿ ಉಜ್ಜಿ ಗುಳ್ಳೆ ಎಬ್ಬಿಸಿಕೊಂಡಿದ್ದು ಇಲ್ಲಿ ಎರಡು ಎಳೆತಕ್ಕೆ ಮುಗೀತು. ಅವ್ವನ ಗಲ್ಲ ಒದ್ದೆಯಾಗಿ ನುಣ್ಣಗೆ ನನ್ನ ಅಂಗೈಯಲ್ಲಿತ್ತು. ಅಂಥ ಹತ್ತಿರದಿಂದ ಆ ಮುಖವನ್ನ ನಾನು ನೋಡಿ ಎಷ್ಟು ವರ್ಷ ಆಗಿತ್ತೋ.

ಅವ್ವ ಬೆರಳಲ್ಲಿ ತಡವಿ ನೋಡಿಕೊಂಡಳು. ಒಂದು ಕೂದಲೂ ಸಿಗಲಿಲ್ಲ. ಆಮೇಲೆ ಅದೇ ಬೆರಳು ನನ್ನ ಗಲ್ಲಕ್ಕೆ ಬಂತು. ನಾನು ಅಭ್ಯಾಸಬಲದಿಂದ ಹಿಂದೆ ಸರಿದೆ, ಅವಳು ಬಿಡಲಿಲ್ಲ.

"ಇದಕ್ಕಾ ಓಡೋಗ್ತಿದ್ದೆ?" ಅಂದಳು. "ನಾನೇನೋ ತಪ್ ಮಾಡಿವ್ನಿ, ಅದ್ಕೇ ಇವ್ಳು ಇರಾಕಿಲ್ಲ ಅಂದ್ಕಂಡಿದ್ನಲ್ಲ ಮಗ, ಇಷ್ಟ್ ವರ್ಸ."

ಒಂಬತ್ತು ರೇಜರನ್ನೂ ಆ ಡಬ್ಬದಲ್ಲೇ ಮುಚ್ಚಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ಹಳೇ ಬ್ಲೇಡಿಗೆ ಅಂತ ಮುಚ್ಚಳಕ್ಕೆ ಸೀಳು ಕೊಯ್ದ ಇನ್ನೊಂದು ಡಬ್ಬ ಮಾಡಿಕೊಟ್ಟೆ. ತಿಪ್ಪೆಗಿನ್ನು ಏನೂ ಹೋಗಲ್ಲ. ಅಪ್ಪನ ಸೆಟ್ಟು ಅವ್ವನ ಹತ್ತಿರವೇ ಇರಲಿ ಅಂದೆ, ನಾನು ಬೇರೆ ತರಿಸಿಕೊಂಡೆ. ತಿಪ್ಪಸಂದ್ರದ ಹುಡುಗಿಯೇ ಆರ್ಡರ್ ಮಾಡಿಕೊಟ್ಟಳು. ಯಾಕೆ ಅಂತ ಕೇಳಿದಳು, ಗಡ್ಡಕ್ಕೆ ಅಂದೆ.

ಆದರೆ ಅದು ಆಮೇಲಿನ ಮಾತು. ಆ ಭಾನುವಾರ ಮಧ್ಯಾಹ್ನದ ಬಸ್ಸು ಬಂತು, ಹಾರನ್ ಹೊಡೀತು, ಹೋಯ್ತು. ನಾನು ಜಗಲಿ ಮೇಲೆ ಕೂತಿದ್ದೆ. ಸೋಮವಾರ ರಜ ಹಾಕಿದೆ, ಮಂಗಳವಾರವೂ. ಮಂಗಳವಾರ ಬೆಳಗ್ಗೆ ಬಿಸಿಲಲ್ಲಿ, ಮೂರು ದಿನದ ಕೂದಲು ಇದ್ದ ಹಾಗೇ, ಅವ್ವನ ಪಕ್ಕ ಕೂತು ಕಾಫಿ ಕುಡಿದೆ.