ಮೂಗು ನೋಡುವ ಮೆರನ್

ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ದಂಡೆಗೆ ಬರುವ ಸೀಲ್‌ಗಳು, ಅಂದರೆ ಕಡಲನಾಯಿಗಳು, ಯಾವ ಜಾತಿಯವೆಂದು ರಜೆಯಲ್ಲಿ ಹವ್ಯಾಸಕ್ಕೆ ಗುರುತಿಸಿ ಬರೆದಿಡುವ ಮೆರನ್, ಎಡಿನ್‌ಬರೊದಲ್ಲಿ ಓದಿದ ಪಟ್ಟಣದ ಹುಡುಗಿ. ಅವಳಿಗೆ ಎಲ್ಲಕ್ಕೂ ದಿಗಿಲು. ಎದೆಗೆ ಕಟ್ಟಿಕೊಂಡ ಎಂಟು ತಿಂಗಳ ಕೂಸು ಸೀನಿದರೆ ಒಂದು ದಿಗಿಲು, ಸೀನದಿದ್ದರೆ ಇನ್ನೊಂದು. ಬಂಡೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು ದುರ್ಬೀನಿನಲ್ಲಿ ಮೂಗುಗಳನ್ನೇ ನೋಡುತ್ತಾಳೆ: ನಾಯಿಮರಿಯಂಥ ಮೋರೆ, ಕೆಳಗೆ ಕೂಡಿದ ಹೊಳ್ಳೆಗಳಿದ್ದರೆ ಸಾಮಾನ್ಯ ಸೀಲ್, ಉದ್ದ ಮೂತಿ, ದೂರ ನಿಂತ ಹೊಳ್ಳೆಗಳಿದ್ದರೆ ಬೂದು ಸೀಲ್. ಬರೆಯುತ್ತಾಳೆ, ಅಳಿಸುತ್ತಾಳೆ, ಮತ್ತೆ ಬರೆಯುತ್ತಾಳೆ. "ಏನವ್ವಾ, ಅದಕ್ಕೇನು ನೆಗಡಿನಾ, ಅಷ್ಟೊತ್ತಿಂದ ಮೂಗೇ ನೋಡ್ತಿದ್ದೀಯಲ್ಲ?" ಎಂದು ಏಡಿಬುಟ್ಟಿ ಹೊತ್ತ ಮುದುಕ ಸಿಗರ್ಡ್ ಛೇಡಿಸುತ್ತಾನೆ. ಪದೇ ಪದೇ ಅವಳು ಮಾಡುವ ತಪ್ಪು ಒಂದೇ: ಒಂಟಿ ಮರಿ ಕಂಡರೆ 'ಸಾಮಾನ್ಯ' ಎಂದೇ ಬರೆಯುವುದು. ಆ ಜಾತಿಯ ತಾಯಿ ಮೀನಿಗೆ ಹೋದರೂ ಮರಳುತ್ತಾಳೆ. ಬೂದು ಸೀಲಿನ ತಾಯಿ ಮೂರು ವಾರ ಹಾಲೂಡಿಸಿ ಹೋದರೆ ಹೋದಳೇ. ಮೊನ್ನೆ ನವೆಂಬರಿನ ಗಾಳಿಯಲ್ಲೂ ಒಂದು ಒಂಟಿ ಮರಿ ಕಂಡು ಹಾಗೆಯೇ ಬರೆದಳು. ಸಿಗರ್ಡ್ ಇಣುಕಿ ನೋಡಿದ. "ಈ ಚಳೀಲಿ ಮರಿ ಹಾಕೋದು ಬೂದು ಸೀಲೇ ಕಣವ್ವಾ, ಮೂತಿ ನೋಡು. ಅವರಮ್ಮ ಇನ್ನು ಬರಲ್ಲ. ಆದ್ರೆ ಕೊಬ್ಬು ನೋಡು, ಪೀಪಾಯಿ! ಬದುಕ್ಕೊಳ್ತದೆ ಬಿಡು." ಮೆರನ್ ಅಳಿಸಿ, 'ಬೂದು' ಎಂದು ಬರೆದಳು. ಅವಳ ಹೆರಿಗೆ ರಜೆ ಮುಗಿಯುವುದು ಬರುವ ಸೋಮವಾರಕ್ಕೆ; ಆಮೇಲೆ ಕೂಸನ್ನು ಬಿಟ್ಟು ಕಚೇರಿಗೆ ಹೋಗಬೇಕು. ಪುಸ್ತಕ ಮುಚ್ಚಿ, ಎದೆಯ ಮೇಲೆ ನಿದ್ದೆಹೋದ ಕೂಸಿನ ಕಿವಿಯಲ್ಲಿ, "ಅಮ್ಮ ಸಂಜೆ ಐದಕ್ಕೆಲ್ಲ ಬಂದ್ಬಿಡ್ತೀನಿ" ಎಂದಳು. ಅದು ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದಳು.