‘ಧಣಿ’ ಅಂದದ್ದು ಯಾರನ್ನು?

2003ರ ಏಪ್ರಿಲ್‌ನ ಒಂದು ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಮೆಲ್ಬರ್ನ್ ಬಂದರಿನಲ್ಲಿ ನಿಂತಿದ್ದ ಸರಕು ಹಡಗೊಂದರ ಊಟದ ಕೋಣೆಯಲ್ಲಿ, ಬಾಗಿಲಿಗೆ ಬೆನ್ನು ಮಾಡಿ, ಉದ್ದನೆಯ ಮೇಜಿನ ಎಡತುದಿಯಲ್ಲಿ ನಿಂತಿದ್ದೆ. ಸಿಡ್ನಿಯ ಗಿರಾವೀನ್‌ನಲ್ಲಿ ನನ್ನ ಮನೆ, ಕನ್ನಡ ದುಭಾಷಿಯ ಕೆಲಸ. ಮೇಜಿನ ಆ ತುದಿಯಿಂದ ನನಗೆ ಕಂಡದ್ದು, ಕೇಳಿಸಿದ್ದು ಮಾತ್ರ ಇಲ್ಲಿದೆ.

ಆಸ್ಟ್ರೇಲಿಯಾ ಆಗ ಯುದ್ಧದಲ್ಲಿತ್ತು. ಆ ಹಡಗು ಯುದ್ಧಕ್ಕೆ ಕೆಲವೇ ವಾರ ಮೊದಲಿನವರೆಗೂ ಶತ್ರುದೇಶದ ವ್ಯಾಪಾರಿಯೊಬ್ಬನದಾಗಿತ್ತು. ಯಾರ ಪಕ್ಷವನ್ನೂ ಹಿಡಿಯದ ಒಂದು ತಟಸ್ಥ ದೇಶದ ಕಂಪನಿ ಅದನ್ನು ಕೊಂಡು, ಹೆಸರು ಬದಲಿಸಿ, ತನ್ನ ಬಾವುಟ ಹಾರಿಸಿತ್ತು. ಆ ತಟಸ್ಥ ದೇಶದ ಹೆಸರು ಬರೆಯುವುದಿಲ್ಲ. ಹೇಳುವುದಿಲ್ಲವೆಂದು ಮಾತು ಕೊಟ್ಟೇ ಆ ಕೆಲಸ ಒಪ್ಪಿದ್ದೆ. ಮಾರಾಟ ನಿಜವಾಗಿದ್ದರೆ ಹಡಗು ಹೊರಡಬಹುದು. ಹಳೆಯ ಮಾಲೀಕನೇ ಮರೆಯಲ್ಲಿ ನಿಂತು ನಡೆಸುತ್ತಿದ್ದರೆ ಅದು ಶತ್ರುವಿನ ಸ್ವತ್ತು, ಜಪ್ತಿಯಾಗುತ್ತದೆ. ತಟಸ್ಥ ದೇಶದ ಸರ್ಕಾರ ಮಾರಾಟಕ್ಕೆ ತಾನೇ ಜವಾಬ್ದಾರಿ ಎಂದಿತ್ತು. ತನ್ನ ಮಾತು ನಂಬದಿದ್ದರೆ ರಾಯಭಾರಿಯನ್ನು ವಾಪಸ್ ಕರೆಸುವುದಾಗಿಯೂ ತಿಳಿಸಿತ್ತು. ಸಿಡ್ನಿಯಲ್ಲಿ ಆ ದೇಶದವರೂ ಆಸ್ಟ್ರೇಲಿಯಾದವರೂ ಮಾತುಕತೆ ನಿಲ್ಲಿಸಿ, ನಮ್ಮ ಕೋಣೆಯಿಂದ ಹೋಗಬೇಕಾದ ಒಂದು ಫೋನಿಗೆ ಕಾದಿದ್ದರು.

ಮೇಜಿನ ಆಚೆ ಬದಿಯಲ್ಲಿ ಆಸ್ಟ್ರೇಲಿಯಾ ಸರ್ಕಾರದ ವಕೀಲೆ ಹೆಲೆನ್. ಅವರ ಪಕ್ಕ ತಟಸ್ಥ ದೇಶದ ದೂತಾವಾಸದ ಅಧಿಕಾರಿ, ವೈಸ್ ಕಾನ್ಸಲ್. ಎದುರಿಗೆ ಬೋಸನ್, ಅಂದರೆ ಡೆಕ್ಕಿನ ಕೆಲಸಗಾರರ ಮೇಸ್ತ್ರಿ, ಸಿಪ್ರಿಯನ್. ಕೊಂಕಣಿ ಮನೆಮಾತಿನ ಮಂಗಳೂರಿನವರು, ಕನ್ನಡ ಶಾಲೆಯಲ್ಲಿ ಓದಿದವರು. ಕ್ಯಾಪ್ಟನ್ ಮತ್ತು ಉಳಿದವರೆಲ್ಲ ಹೊಸಬರು. ಹಳೆಯ, ಹೊಸ ಇಬ್ಬರೂ ಮಾಲೀಕರ ಕೈಕೆಳಗೆ ದುಡಿದವರು ಸಿಪ್ರಿಯನ್ ಒಬ್ಬರೇ. ಅವರ ಹೇಳಿಕೆಗೆ ಅಷ್ಟು ಬೆಲೆ ಬಂದದ್ದು ಅದಕ್ಕಾಗಿ.

ವಿಚಾರಣೆಗೆ ಮೊದಲು, ಸಾಕ್ಷಿ ಮತ್ತು ದುಭಾಷಿಯ ಭಾಷೆ ಹೊಂದುತ್ತದೆಯೇ ಎಂದು ನೋಡಲು ಎಲ್ಲರೆದುರು ನಾಲ್ಕು ಮಾತಾಡುವುದು ರೂಢಿ.

“ನಿಮ್ಮದು ಬೆಂಗಳೂರು ಕನ್ನಡವಾ?” ಎಂದರು ಸಿಪ್ರಿಯನ್.

“ಇಲ್ಲ, ದಾವಣಗೆರೆ.”

“ಓ, ಬೆಣ್ಣೆದೋಸೆ ಕನ್ನಡ. ಅಡ್ಡಿಲ್ಲ, ಅರ್ಥ ಆಗ್ತದೆ.” ನಕ್ಕರು. ಮರುಕ್ಷಣ ದನಿ ತಗ್ಗಿತು. “ಈ ಹಡಗು ಜಪ್ತಿ ಆದ್ರೆ ಐವತ್ತೇಳು ವರ್ಷದವನನ್ನು ಇನ್ಯಾರು ಹತ್ತಿಸಿಕೊಳ್ತಾರೆ ಮಾರಾಯ್ರೆ?”

ಅದನ್ನೂ ಇಂಗ್ಲಿಷಿಗೆ ಹೇಳಿದೆ. ಹೆಲೆನ್ ತಲೆಯಾಡಿಸಿ ನೇರವಾಗಿ ವಿಷಯಕ್ಕೆ ಬಂದರು: ಈ ಹಡಗಿನ ಓನರ್ ಯಾರು?

ನಾನು ‘ಮಾಲೀಕರು ಯಾರು’ ಎಂದು ಕೇಳಿದೆ.

“ಧಣಿಯಾ? ಧಣಿ ಹಳಬರೇ. ಧಣಿ ಬದಲಾಗ್ಲಿಕ್ಕೆ ಉಂಟಾ?”

ದಾವಣಗೆರೆಯ ಕಿವಿಗೆ ಧಣಿ ಅಂದರೆ ಮಾಲೀಕನೇ. ‘ಹಳೆಯ ಓನರೇ ಈಗಲೂ ಓನರ್’ ಎಂಬ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಾನು ಬಳಸಿದ ಪದ ‘ಮಾಲೀಕರು’, ‘ಧಣಿಯಾ?’ ಎಂದು ಪದ ಬದಲಿಸಿದವರು ಅವರು. ಆ ವಾಕ್ಯವನ್ನು ಅಲ್ಲೇ ತಡೆದೆ.

ಹೆಲೆನ್ ಕೈ ಫೋನಿನ ಮೇಲಿತ್ತು. “ಏನಂದರು?”

“ಹಳೆಯ ‘ಧಣಿ’ಯೇ ಧಣಿ ಅಂದರು. ಆ ಪದಕ್ಕೆ ಓನರ್ ಎಂಬ ಅರ್ಥವಿದೆ. ಇವರ ಬಾಯಲ್ಲಿ ಬೇರೆ ಅರ್ಥವೂ ಇರಬಹುದು.”

“ನೀವು ದುಭಾಷಿಯೋ, ಇವರ ವಕೀಲರೋ?”

“ದುಭಾಷಿ. ಯಾವ ಅರ್ಥ ಎಂದು ನನಗೆ ಗೊತ್ತಿಲ್ಲ. ನೀವೇ ಕೇಳಬೇಕು.”

ವೈಸ್ ಕಾನ್ಸಲ್ ಮುಖ ಬಿಳುಚಿಕೊಂಡಿತ್ತು. ಸಿಪ್ರಿಯನ್ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. “ನಾನು ಎಂತ ತಪ್ಪು ಹೇಳಿದೆ?” ಅದನ್ನು ಇಂಗ್ಲಿಷಿಗೆ ಹೇಳಬಹುದಿತ್ತು, ಹೇಳಿದೆ. ಉತ್ತರ ಕೊಡುವುದು ನನ್ನ ಕೆಲಸವಾಗಿರಲಿಲ್ಲ.

ಹೆಲೆನ್ ಫೋನಿನಿಂದ ಕೈ ತೆಗೆದು ಕೇಳಿದರು: ಹಳೆಯ ಧಣಿ ಒಂದು ಬಂದರಿಗೆ ಹೋಗು ಅಂದು, ಈಗಿನ ಕ್ಯಾಪ್ಟನ್ ಇನ್ನೊಂದಕ್ಕೆ ಹೋಗು ಅಂದರೆ?

ಸಿಪ್ರಿಯನ್‌ಗೆ ಪ್ರಶ್ನೆಯೇ ತಮಾಷೆಯಾಗಿ ಕಂಡಿತು. “ಅವರು ಹೇಳ್ಲಿಕ್ಕೆ ಯಾರು? ಹಡಗು ಮಾರಿ ಆಯ್ತಲ್ಲ! ನನಗೆ ಮೊದಲು ಕೆಲಸ ಕೊಟ್ಟವರು, ಸಾಯುವವರೆಗೆ ಧಣಿ ಅಂತಲೇ ಕರೆಯುದು. ಎದುರು ಸಿಕ್ಕಿದ್ರೆ ಸಲಾಂ ಹೊಡೀತೇನೆ. ಹಗ್ಗ ಬಿಚ್ಚುದು ಈ ಕ್ಯಾಪ್ಟನ್ ಹೇಳಿದ್ರೆ ಮಾತ್ರ.”

ಪದಕ್ಕೆ ಪದ ಹೇಳಿದೆ. ಹೆಲೆನ್ ಅದೇ ಪ್ರಶ್ನೆಯನ್ನು ಇನ್ನೆರಡು ರೀತಿಯಲ್ಲಿ ತಿರುಗಿಸಿ ಕೇಳಿದರು, ಉತ್ತರ ಬದಲಾಗಲಿಲ್ಲ. ಆಮೇಲೆ ಸಿಡ್ನಿಗೆ ಫೋನ್ ಮಾಡಿದರು. ಮರುದಿನ ಸಂಜೆ ಹಡಗು ಹೊರಟಿತು, ಸಿಪ್ರಿಯನ್ ಅದರಲ್ಲೇ ಇದ್ದರು.

ಥಟ್ಟನೆ ಸಿಕ್ಕ ಪದವನ್ನು ಅಂದಿನಿಂದ ನಾನು ಒಮ್ಮೆ ಅನುಮಾನಿಸದೆ ಬಳಸಿಲ್ಲ. ‘ನನಗೆ ಗೊತ್ತಿಲ್ಲ, ಕೇಳಿ’ ಎನ್ನುವುದೂ ದುಭಾಷಿಯ ಕೆಲಸವೇ ಎಂದು ಕಲಿತದ್ದು ಅಲ್ಲಿ.

ವೈಸ್ ಕಾನ್ಸಲ್ ತೀರಿಕೊಂಡರು. ಹೆಲೆನ್ ನಿವೃತ್ತರಾಗಿ ಮೆಲ್ಬರ್ನ್‌ನಲ್ಲಿದ್ದಾರೆ. ಸಿಪ್ರಿಯನ್ ಮಂಗಳೂರಿನಲ್ಲಿದ್ದಾರೆ, ಕ್ರಿಸ್‌ಮಸ್‌ಗೆ ಫೋನ್ ಮಾಡಿ ನನ್ನನ್ನು ‘ಧಣಿ’ ಎಂದೇ ಕರೆಯುತ್ತಾರೆ. ಯಾವ ಅರ್ಥದಲ್ಲಿ ಎಂದು ಪ್ರತಿ ಸಲವೂ ಕೇಳುತ್ತೇನೆ.